ಎರಡು ತಲೆ, ಒಂದು ಎದೆಗೂಡು: ನಿಮ್ಮದೇ ಪಾತ್ರ ಬಿಡಿಸುವ ಮುಂಚೆ ಏನೇನು ಹುಡುಕಬೇಕು?

"ನನ್ನದೇ ಒಂದು ಪಾತ್ರ ಬಿಡಿಸ್ಬೇಕು, ರೆಫರೆನ್ಸ್ ಎಲ್ಲಿಂದ ಶುರು ಮಾಡ್ಲಿ?" ಗೇಮ್, ಕಾಮಿಕ್ಸ್, ಅನಿಮೇಷನ್ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಷ್ಟೋ ಸಲ ಜೊತೆಗೊಂದು ಚಿತ್ರವನ್ನೂ ಕಳಿಸುತ್ತಾರೆ. ಮುಖ ಚೆನ್ನಾಗಿರುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ. ರೆಕ್ಕೆಯನ್ನು ಮಾತ್ರ ಬೆನ್ನಿಗೆ ತಂದು ಅಂಟಿಸಿದ ಹಾಗಿರುತ್ತದೆ.

ಕೈ ಪಳಗಿಲ್ಲದಿರುವುದು ಇದಕ್ಕೆ ಕಾರಣ ಅಲ್ಲ. ಬೇರೆಯವರು ಬಿಡಿಸಿ ಮುಗಿಸಿದ ಚಿತ್ರಗಳನ್ನಷ್ಟೇ ನೋಡಿರುತ್ತಾರೆ. ಆ ರೆಕ್ಕೆಯ ಮೂಳೆ ಒಳಗೆ ಯಾವುದಕ್ಕೆ ಸೇರುತ್ತದೆ, ಅದನ್ನು ಎಳೆಯುವ ಸ್ನಾಯು ಎಲ್ಲಿದೆ ಅಂತ ಹುಡುಕಿರುವುದಿಲ್ಲ. ಈ ಲೇಖನದಲ್ಲಿ ಆ ಹುಡುಕಾಟವನ್ನೇ ಹಂತ ಹಂತವಾಗಿ ಮಾಡೋಣ.

ಉದಾಹರಣೆಗೆ ಗಂಡಭೇರುಂಡವನ್ನೇ ತೆಗೆದುಕೊಳ್ಳುತ್ತೇನೆ. ನಮಗೆಲ್ಲ ಗೊತ್ತಿರುವ ರೂಪ, ಆದರೆ ಅದನ್ನು ನಿಲ್ಲಿಸಿ, ನಡೆಸಿ, ಕೂರಿಸಿ ನೋಡಿದವರು ಕಡಿಮೆ.

ಮೊದಲು ಮೂರು ಪದ. ಕಾನ್ಸೆಪ್ಟ್ ಆರ್ಟ್ ಅಂದರೆ ಗೇಮ್ ಅಥವಾ ಸಿನಿಮಾ ತಂಡ ಒಂದು ಪಾತ್ರವನ್ನು ಕಟ್ಟುವ ಮುಂಚೆ, ಅದು ಹೇಗಿರಬೇಕು ಅಂತ ತೀರ್ಮಾನಿಸಲು ಬಿಡಿಸಿಕೊಳ್ಳುವ ಚಿತ್ರಗಳು. ಅನಾಟಮಿ ಅಂದರೆ ಮೈಯ ಒಳಗಿನ ರಚನೆ: ಮೂಳೆ, ಕೀಲು, ಸ್ನಾಯು. ರೆಫರೆನ್ಸ್ ಅಂದರೆ ನೋಡಿ ತಿಳಿದುಕೊಳ್ಳಲು ಇಟ್ಟುಕೊಳ್ಳುವ ಫೋಟೋ, ವಿಡಿಯೋ ಅಥವಾ ನಿಜವಾದ ವಸ್ತು.

ಏನೇನು ಬೇಕು

ಗೆರೆ ಇಲ್ಲದ ನೋಟ್‌ಬುಕ್, ಪೆನ್ಸಿಲ್, ಫೋನ್ ಇದ್ದರೆ ಸಾಕು. ಕಂಪ್ಯೂಟರ್ ಇದ್ದರೆ ಎರಡು ಸಾಫ್ಟ್‌ವೇರ್ ಹಾಕಿಕೊಳ್ಳಿ. ಕ್ರಿತಾ ಬಿಡಿಸುವುದಕ್ಕೆ, ಅದು ಉಚಿತ. ಪ್ಯೂರ್‌ರೆಫ್ ರೆಫರೆನ್ಸ್ ಚಿತ್ರಗಳನ್ನೆಲ್ಲ ಒಂದೇ ಹಲಗೆಯ ಮೇಲೆ ಹರಡಿಕೊಳ್ಳುವುದಕ್ಕೆ. ದುಬಾರಿ ಟ್ಯಾಬ್ಲೆಟ್ ಈ ಕೆಲಸಕ್ಕೆ ಬೇಕಿಲ್ಲ.

ಹಂತ 1: ಪಾತ್ರದ ಬಗ್ಗೆ ಅರ್ಧ ಪುಟ ಬರೆಯಿರಿ

"ಧೈರ್ಯವಂತೆ, ನಿಗೂಢ, ತುಂಬಾ ಶಕ್ತಿ" ಅಂತ ಬರೆದರೆ ಏನನ್ನು ಹುಡುಕುತ್ತೀರಿ? ಗುಣ ಬರೆಯಬೇಡಿ, ಆಕೆ ಏನು ಮಾಡುತ್ತಾಳೆ ಅದನ್ನು ಬರೆಯಿರಿ. ನಮ್ಮ ಉದಾಹರಣೆ ಹೀಗಿರಲಿ:

"ಬೆಟ್ಟದ ಕೋಟೆಯ ಕಾವಲುಗಾರ್ತಿ. ವಯಸ್ಸು ನಲವತ್ತರ ಮೇಲೆ. ಮನುಷ್ಯರ ಮೈ, ಎರಡು ಹದ್ದಿನ ತಲೆ, ಬೆನ್ನಲ್ಲಿ ರೆಕ್ಕೆ. ಹಗಲು ಒಂದು ತಲೆ ಎಚ್ಚರ, ರಾತ್ರಿ ಇನ್ನೊಂದು. ಮೇಲಕ್ಕೆ ಹಾರಲು ಆಗುವುದಿಲ್ಲ, ಗೋಡೆಯಿಂದ ಜಿಗಿದರೆ ತೇಲಿಕೊಂಡು ಇಳಿಯುತ್ತಾಳೆ. ಕೈಯಲ್ಲಿ ಈಟಿ."

ಈಗ ಒಂದೊಂದು ವಾಕ್ಯದಿಂದಲೂ ಪ್ರಶ್ನೆ ಏಳುತ್ತದೆ. ಮಲಗಿದ ತಲೆಯ ಭಾರವನ್ನು ಕತ್ತು ಹೇಗೆ ಹೊರುತ್ತದೆ? ಈಟಿ ಎಸೆಯುವಾಗ ತೋಳು ರೆಕ್ಕೆಗೆ ತಾಗುತ್ತದಾ? ನಲವತ್ತು ದಾಟಿದ ಮೈಯ ನಿಲುವು ಹೇಗಿರುತ್ತದೆ? ಇವನ್ನು ಪಟ್ಟಿ ಮಾಡಿ. ಹುಡುಕಾಟ ಪೂರ್ತಿ ಈ ಪಟ್ಟಿಗೆ ಉತ್ತರ ಕಂಡುಕೊಳ್ಳುವುದಕ್ಕೇ.

ಹಂತ 2: ರೂಪದ ಮೂಲಕ್ಕೆ ಹೋಗಿ

ಗಂಡಭೇರುಂಡ ಅಂದ ತಕ್ಷಣ ಸರ್ಕಾರಿ ಲಾಂಛನ ನೆನಪಾಗುತ್ತದೆ, ಅಲ್ವಾ? ಕೆಂಪು ಗುರಾಣಿಯ ಮೇಲೆ ಬಿಳಿ ಹಕ್ಕಿ. ಆದರೆ ಅದು ಮುದ್ರೆಗೆಂದು ಚಪ್ಪಟೆ ಮಾಡಿದ ರೂಪ. ಎದೆಯ ದಪ್ಪ, ಕತ್ತಿನ ತಿರುವು ಅದರಲ್ಲಿ ಸಿಗುವುದಿಲ್ಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಿ. ಅಲ್ಲಿ 1047ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಚಾಮುಂಡರಾಯರಸ ನಿಲ್ಲಿಸಿದ ಭೇರುಂಡೇಶ್ವರ ಕಂಬವಿದೆ. ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಎರಡು ಹಕ್ಕಿ ತಲೆ. ನಮಗೆ ಬೇಕಾದ ಕೂಡಿಕೆಯನ್ನು ಶಿಲ್ಪಿಯೊಬ್ಬ ಸಾವಿರ ವರ್ಷದ ಹಿಂದೆಯೇ ಮಾಡಿ ನೋಡಿದ್ದಾನೆ. ಕೆಳದಿಯ ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲಿ ಇನ್ನೊಂದು ಗಂಡಭೇರುಂಡವಿದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನೇ ಎತ್ತಿಕೊಂಡಿದೆ. ಆನೆ ಎಷ್ಟು ಚಿಕ್ಕದೋ ಹಕ್ಕಿ ಅಷ್ಟು ದೊಡ್ಡದು. ಗಾತ್ರವನ್ನು ಪಕ್ಕದ ವಸ್ತುವಿನಿಂದ ಹೇಳುವ ಈ ಉಪಾಯವನ್ನು ನೀವೂ ಬಳಸಬಹುದು.

ಇಲ್ಲಿ ತಪ್ಪುವುದು ಎಲ್ಲಿ ಅಂದರೆ: ಎತ್ತರದಲ್ಲಿರುವ ಶಿಲ್ಪವನ್ನು ಕೆಳಗಿನಿಂದ ಫೋಟೋ ತೆಗೆದರೆ ಕಾಲು ಉದ್ದ, ತಲೆ ಚಿಕ್ಕದು ಕಾಣುತ್ತದೆ. ಆ ಫೋಟೋದಿಂದ ಅಳತೆ ತೆಗೆಯಬೇಡಿ. ಆದಷ್ಟು ದೂರ ನಿಂತು ಜೂಮ್ ಮಾಡಿ. ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ತೆಗೆಯಿರಿ. ಆಮೇಲೆ ಅಲ್ಲೇ ಕೂತು ಒಂದು ಸ್ಕೆಚ್ ಮಾಡಿ. ಫೋಟೋದಲ್ಲಿ ಕತ್ತಲಾಗಿ ಹೋಗುವ ಕತ್ತಿನ ಬುಡ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಮಾತು. ರಾಜ್ಯ ಲಾಂಛನವನ್ನು ಇದ್ದ ಹಾಗೇ ಎತ್ತಿ ನಿಮ್ಮ ಗೇಮ್‌ಗೋ ಟೀ ಶರ್ಟ್‌ಗೋ ಹಾಕಬೇಡಿ. ಸರ್ಕಾರಿ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಕೇಂದ್ರ ಕಾಯ್ದೆ ತಡೆಯುತ್ತದೆ. ಗಂಡಭೇರುಂಡದ ಕಲ್ಪನೆ ಎಲ್ಲರದು, ಆ ಲಾಂಛನ ಸರ್ಕಾರದ್ದು.

ಹಂತ 3: ಬೇರೆಯವರ ಕಾನ್ಸೆಪ್ಟ್ ಆರ್ಟ್ ಓದಿ, ನಕಲು ಮಾಡಬೇಡಿ

ಆರ್ಟ್‌ಸ್ಟೇಷನ್‌ನಂಥ ತಾಣಗಳಲ್ಲಿ ವೃತ್ತಿಪರ ಕಲಾವಿದರು ತಮ್ಮ ಕೆಲಸ ಹಾಕುತ್ತಾರೆ. ಎಲ್ಲರೂ ಮಿರಮಿರ ಮಿಂಚುವ ಕೊನೆಯ ಚಿತ್ರ ಸೇವ್ ಮಾಡಿಕೊಳ್ಳುತ್ತಾರೆ. ನೀವು ಅದರ ಜೊತೆ ಹಾಕಿರುವ ಒರಟು ಹಾಳೆಗಳನ್ನು ಹುಡುಕಿ. ಒಂದೇ ಪಾತ್ರದ ಹತ್ತು ಹದಿನೈದು ಕಪ್ಪು ಆಕಾರಗಳಿರುವ ಹಾಳೆ, ಕೀಲುಗಳನ್ನು ಬಿಡಿಸಿ ತೋರಿಸಿದ ಹಾಳೆ, ಬಟ್ಟೆಯ ಗುಂಡಿ ಎಲ್ಲಿ ಅಂತ ಬಾಣದ ಗುರುತು ಹಾಕಿದ ಹಾಳೆ. ಕಲಿಯುವುದಕ್ಕೆ ಸಿಗುವುದು ಅವುಗಳಲ್ಲೇ.

ಒಂದೊಂದಕ್ಕೂ ಕೆಳಗೆ ಒಂದು ಸಾಲು ಬರೆದುಕೊಳ್ಳಿ: ಇವರು ಯಾವ ತೊಡಕು ಬಿಡಿಸಿದ್ದಾರೆ? "ರೆಕ್ಕೆ ಮಡಚಿದಾಗ ಕತ್ತಿ ಎಲ್ಲಿ ತೂಗುತ್ತದೆ" ಅಂತ ಬರೆಯಲು ಆದರೆ ಚಿತ್ರ ಉಳಿಸಿಕೊಳ್ಳಿ. "ಸೂಪರ್ ಆಗಿದೆ" ಅಂತಷ್ಟೇ ಬರೆಯಲು ಆದರೆ ತೆಗೆದುಹಾಕಿ.

ಎಐ ಮಾಡಿದ ಚಿತ್ರಗಳನ್ನು ಅನಾಟಮಿಗೆ ರೆಫರೆನ್ಸ್ ಆಗಿ ಇಟ್ಟುಕೊಳ್ಳಬೇಡಿ. ರೆಕ್ಕೆ ದೂರಕ್ಕೆ ಸರಿಯಾಗಿಯೇ ಕಾಣುತ್ತದೆ. ಗರಿ ಎಣಿಸಿ ನೋಡಿ, ಎಷ್ಟೋ ಸಲ ಎರಡು ಪಕ್ಕದಲ್ಲಿ ಎರಡು ಲೆಕ್ಕ ಇರುತ್ತದೆ, ಮಣಿಕಟ್ಟು ಇರುವುದೇ ಇಲ್ಲ. ಪಿಂಟರೆಸ್ಟ್‌ನಲ್ಲಿ ಇಂಥವು ಈಗ ಜಾಸ್ತಿ. ಚಿತ್ರದ ಮೂಲ ಯಾವುದು ಅಂತ ಗೊತ್ತಾಗದಿದ್ದರೆ ಬಿಟ್ಟುಬಿಡಿ.

ಹಂತ 4: ಹಲಗೆಯನ್ನು ನಾಲ್ಕು ಗುಂಪು ಮಾಡಿ

ಮನುಷ್ಯರ ಮೈ, ಹಕ್ಕಿ, ಬಟ್ಟೆ ಮತ್ತು ಆಯುಧ, ಬೆಳಕು ಮತ್ತು ಬಣ್ಣ. ಒಂದೊಂದರಲ್ಲಿ ಹತ್ತು ಹನ್ನೆರಡು ಚಿತ್ರಕ್ಕಿಂತ ಜಾಸ್ತಿ ಬೇಡ. ಮುನ್ನೂರು ಚಿತ್ರ ಸೇರಿಸಿ ಒಂದನ್ನೂ ತೆರೆಯದೆ ಇರುವವರೇ ಜಾಸ್ತಿ. ಬೇರೆಯವರ ಕಾನ್ಸೆಪ್ಟ್ ಆರ್ಟ್ ಈ ಹಲಗೆಯಲ್ಲಿ ಬೇಡ, ಅದಕ್ಕೆ ಬೇರೆ ಫೈಲ್ ಇರಲಿ. ಬಿಡಿಸುವಾಗ ಎದುರಿಗೆ ನಿಜವಾದ ಮೂಳೆ, ನಿಜವಾದ ಗರಿ ಇರಬೇಕು.

ಹಂತ 5: ಮೊದಲು ಮನುಷ್ಯರ ಮೈಯ ಅಳತೆ

ಸಾಮಾನ್ಯವಾಗಿ ತಲೆಯನ್ನೇ ಅಳತೆಗೋಲು ಮಾಡಿ, ಬೆಳೆದ ಮನುಷ್ಯನ ಎತ್ತರ ಏಳರಿಂದ ಏಳೂವರೆ ತಲೆ ಅಂತ ಹೇಳಿಕೊಡುತ್ತಾರೆ. ನಮ್ಮ ಪಾತ್ರಕ್ಕೆ ಇದು ಕೈಕೊಡುತ್ತದೆ. ಹದ್ದಿನ ತಲೆಗೆ ಗದ್ದ ಎಲ್ಲಿದೆ? ಕೊಕ್ಕನ್ನು ಸೇರಿಸಬೇಕಾ, ಬಿಡಬೇಕಾ?

ಇಲ್ಲಿ ನಮ್ಮ ಶಿಲ್ಪಿಗಳ ತಾಳಮಾನ ಕೈಹಿಡಿಯುತ್ತದೆ. ಒಂದು ತಾಳ ಅಂದರೆ ಮುಖದ ಉದ್ದ, ಕೂದಲಿನ ಅಂಚಿನಿಂದ ಗದ್ದದವರೆಗೆ. ಒಂದು ತಾಳಕ್ಕೆ 12 ಅಂಗುಲ. ಇಲ್ಲಿ ಅಂಗುಲ ಅಂದರೆ ಇಂಚಲ್ಲ, ತಾಳದ ಹನ್ನೆರಡನೇ ಒಂದು ಭಾಗ. ನವತಾಳದ ಮೂರ್ತಿಗೆ ಒಟ್ಟು 108 ಅಂಗುಲ. ಅದರ ಹಂಚಿಕೆ ಹೀಗೆ: ಮುಖ 12, ಕತ್ತು 4, ಕತ್ತಿನ ಬುಡದಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿಂದ ತೊಡೆ ಸೇರುವ ಜಾಗಕ್ಕೆ 12, ತೊಡೆ 24, ಮಂಡಿ 4, ಮೊಣಕಾಲ ಕೆಳಗೆ 24, ಪಾದದ ಎತ್ತರ 4.

ನೋಡಿ, ಕತ್ತಿನ ಬುಡದಿಂದ ತೊಡೆ ಸೇರುವಲ್ಲಿಗೆ ಸರಿಯಾಗಿ ಮೂರು ತಾಳ. ಅಂದರೆ ತಲೆಯೇ ಇಲ್ಲದೆ ಅಳತೆ ಸಿಕ್ಕಿತು. ಮುಂಡವನ್ನು ಬಿಡಿಸಿ, ಮೂರು ಭಾಗ ಮಾಡಿ, ಒಂದು ಭಾಗ ನಿಮ್ಮ ತಾಳ. ಕಾಲು, ಕೈ ಎಲ್ಲ ಅದರಿಂದಲೇ ಅಳೆಯಿರಿ. ಆಮೇಲೆ ಹಕ್ಕಿ ತಲೆಯನ್ನು ದೊಡ್ಡದು, ಚಿಕ್ಕದು ಮಾಡಿ ನೋಡಿ. ಮೈ ಕೆಡುವುದಿಲ್ಲ.

ತಾಳವನ್ನೂ ತಲೆಯನ್ನೂ ಒಂದೇ ಅಂದುಕೊಳ್ಳಬೇಡಿ. ತಲೆಯ ಲೆಕ್ಕದಲ್ಲಿ ನೆತ್ತಿಯೂ ಸೇರುತ್ತದೆ, ತಾಳದಲ್ಲಿ ಸೇರುವುದಿಲ್ಲ. ಒಂಬತ್ತು ತಲೆ ಎತ್ತರ ಬಿಡಿಸಿ "ನವತಾಳ" ಅಂದರೆ ಕಂಬದ ಹಾಗೆ ಉದ್ದವಾಗುತ್ತದೆ.

ನಿಲುವಿಗೆ ಬೇಲೂರಿನ ಮದನಿಕೆಯರನ್ನು ನೋಡಿ. ಭಾರವೆಲ್ಲ ಒಂದು ಕಾಲ ಮೇಲೆ ಬಿದ್ದಾಗ ಸೊಂಟ ಒಂದು ಕಡೆ ಏರುತ್ತದೆ, ಭುಜ ಅದೇ ಕಡೆ ಇಳಿಯುತ್ತದೆ. ಕನ್ನಡಿ ಮುಂದೆ ನೀವೇ ಕೋಲು ಹಿಡಿದು ನಿಂತು ಇದನ್ನು ಪರೀಕ್ಷೆ ಮಾಡಬಹುದು.

ಹಂತ 6: ಹಕ್ಕಿಯ ಮೂಳೆ, ಕೋಳಿ ಅಂಗಡಿಯಿಂದ

ಹಕ್ಕಿಯ ಅನಾಟಮಿ ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೋಳಿ ಅಂಗಡಿಯಲ್ಲಿ ರೆಕ್ಕೆಯನ್ನು ತುದಿ ಕತ್ತರಿಸದೆ ಇಡಿಯಾಗಿ ಕೇಳಿ. ಸಾಮಾನ್ಯವಾಗಿ ತುದಿಯನ್ನು ಕೊಚ್ಚಿ ಬಿಸಾಡುತ್ತಾರೆ, ನಿಮಗೆ ಬೇಕಾಗಿರುವುದು ಅದೇ. ಚರ್ಮ ಇರಲಿ.

ಮನೆಗೆ ತಂದು ಬಿಡಿಸಿ, ಮಡಚಿ ನೋಡಿ. ಭುಜದಿಂದ ಒಂದೇ ಮೂಳೆ, ಅದು ನಿಮ್ಮ ತೋಳು. ಮೊಣಕೈ ದಾಟಿದರೆ ಎರಡು ಮೂಳೆ, ನಿಮ್ಮ ಮುಂಗೈಯಲ್ಲಿರುವ ಹಾಗೇ. ಆಮೇಲೆ ಮಣಿಕಟ್ಟು, ಅದರಾಚೆ ಒಂದಕ್ಕೊಂದು ಬೆಸೆದುಕೊಂಡ ಬೆರಳುಗಳು. ಮಣಿಕಟ್ಟಿನ ಹತ್ತಿರ ಉಗುರಿನಷ್ಟು ಚಿಕ್ಕ ಒಂದು ಚೂರು ಎದ್ದಿರುತ್ತದೆ, ಅದು ಹೆಬ್ಬೆರಳು. ಹಾರುವ ಹಕ್ಕಿ ನಿಧಾನವಾಗಿ ಇಳಿಯುವಾಗ ಆ ಹೆಬ್ಬೆರಳಿನ ಪುಟ್ಟ ಗರಿಗಳನ್ನು ಎತ್ತುತ್ತದೆ. ನಮ್ಮ ಕಾವಲುಗಾರ್ತಿ ತೇಲಿ ಇಳಿಯುವಾಗ ಅದನ್ನು ತೋರಿಸಲೇಬೇಕು.

ಈಗ ರೆಕ್ಕೆಯನ್ನು ಹಿಗ್ಗಿಸಿ. ಭುಜಕ್ಕೂ ಮಣಿಕಟ್ಟಿಗೂ ನಡುವೆ ತೆಳ್ಳನೆ ಚರ್ಮ ಬಿಗಿಯುತ್ತದೆ. ರೆಕ್ಕೆಯ ಮುಂದಿನ ಅಂಚು ಅಂತ ನಾವು ಬಿಡಿಸುವ ಗೆರೆ ಅಲ್ಲಿ ಮೂಳೆ ಅಲ್ಲ, ಈ ಚರ್ಮ. ಮೊಣಕೈ ಹಿಂದೆ ಅಡಗಿದೆ.

ಮಾಂಸ ತಿನ್ನದವರು, ಮುಟ್ಟದವರು ಸ್ಕೆಚ್‌ಫ್ಯಾಬ್ ತಾಣದಲ್ಲಿ ಹಕ್ಕಿಗಳ ಅಸ್ಥಿಪಂಜರದ 3ಡಿ ಮಾದರಿ ಹುಡುಕಿ. ಎಲ್ಲ ಕಡೆಯಿಂದ ತಿರುಗಿಸಿ ನೋಡಬಹುದು.

ಇನ್ನು ಎದೆ. ಕೋಳಿಯ ಎದೆಯ ನಡುವೆ ದೋಣಿಯ ಅಡಿಯ ಹಾಗೆ ಚಾಚಿಕೊಂಡ ಮೂಳೆಯ ಏಣು ಇದೆ. ಅದರ ಎರಡೂ ಕಡೆ ದಪ್ಪ ಸ್ನಾಯು, ರೆಕ್ಕೆಯನ್ನು ಕೆಳಗೆ ಎಳೆಯುವುದು ಅದು. ಅದರ ಅಡಿಯಲ್ಲಿ ಉದ್ದನೆ ಇನ್ನೊಂದು ಸ್ನಾಯು ಬೇರೆಯಾಗಿ ಕಿತ್ತು ಬರುತ್ತದೆ. ಅದರ ಕೆಲಸ ರೆಕ್ಕೆಯನ್ನು ಮೇಲಕ್ಕೆ ಎತ್ತುವುದು. ಅದರ ನಾರು ಭುಜದ ಸಂದಿಯಲ್ಲಿ ರಾಟೆಯ ಹಗ್ಗದಂತೆ ಹಾಯ್ದು ತೋಳಿನ ಮೇಲ್ಭಾಗಕ್ಕೆ ಅಂಟಿಕೊಂಡಿದೆ. ಅಂದರೆ ಎತ್ತುವ ಸ್ನಾಯು, ಇಳಿಸುವ ಸ್ನಾಯು ಎರಡೂ ಎದೆಯಲ್ಲೇ. ರೆಕ್ಕೆ ಇದೆ ಅಂತ ಬೆನ್ನಿನ ಮೇಲೆ ಗುಡ್ಡದಂಥ ಸ್ನಾಯು ಬಿಡಿಸುವುದು ಅತಿ ಸಾಮಾನ್ಯ ತಪ್ಪು. ಎದೆಯನ್ನು ಮುಂದಕ್ಕೆ ತನ್ನಿ.

ಜೀವಂತ ಹಕ್ಕಿ ನೋಡಲು ಮೀನು ಮಾರ್ಕೆಟ್ ಹತ್ತಿರ ನಿಲ್ಲಿ. ಸುತ್ತು ಹೊಡೆಯುವ ಕಂದು ಹದ್ದಿನ ಬಾಲ ಕವಲೊಡೆದಿರುತ್ತದೆ. ಬಿಳಿ ತಲೆಯ ಗರುಡನ ಬಾಲ ದುಂಡಗೆ. ಹದ್ದು ತಿರುಗುವಾಗ ಬಾಲವನ್ನು ಹೇಗೆ ಓರೆ ಮಾಡುತ್ತದೆ ಗಮನಿಸಿ. ಹಾರುತ್ತಲೇ ಕಾಲನ್ನು ಕೊಕ್ಕಿಗೆ ತಂದು ತಿನ್ನುವುದನ್ನೂ ನೋಡಬಹುದು, ಒಳ್ಳೆಯ ಭಂಗಿ ಅದು. ಕತ್ತು ಬೇಕಿದ್ದರೆ ರಣಹದ್ದಿನ ಫೋಟೋ ನೋಡಿ. ಕತ್ತಲ್ಲಿ ದಟ್ಟ ಗರಿ ಇಲ್ಲದ ಕಾರಣ ಇಂಗ್ಲಿಷ್ ಎಸ್ ಅಕ್ಷರದ ಬಾಗು ಕಾಣುತ್ತದೆ. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳಿಗೆಂದೇ ಇರುವ ಧಾಮ, ದುರ್ಬೀನು ಇದ್ದರೆ ಹೋಗಿ ಬನ್ನಿ. ಬಿದ್ದ ಗರಿಯನ್ನು ಮಾತ್ರ ಮನೆಗೆ ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತೊಡಕಿದೆ. ಅಳತೆಗೆ ಪಕ್ಕದಲ್ಲಿ ಪೆನ್ನಿಟ್ಟು ಫೋಟೋ ತೆಗೆದುಕೊಂಡರೆ ಸಾಕು.

ಗರಿ ಬಿಡಿಸುವಾಗ ಇಷ್ಟು ನೆನಪಿರಲಿ. ಹದ್ದಿನ ಜಾತಿಯ ಹಕ್ಕಿಗಳಿಗೆ ಬೆರಳಿನ ಭಾಗದಿಂದ ಹೊರಡುವ ದೊಡ್ಡ ಗರಿ ಒಂದು ರೆಕ್ಕೆಗೆ ಹತ್ತು. ಉಳಿದ ಸಾಲು ಮುಂಗೈಯಿಂದ. ಮೇಲಿನಿಂದ ನೋಡಿದರೆ ಮೈಗೆ ಹತ್ತಿರದ ಗರಿ ಮೇಲೆ, ತುದಿಯ ಗರಿ ಅಡಿಯಲ್ಲಿ. ಇದನ್ನು ತಿರುಗಾಮುರುಗಾ ಮಾಡಿದರೆ ಹಕ್ಕಿ ನೋಡುವ ಹವ್ಯಾಸದವರು ತಕ್ಷಣ ಹಿಡಿಯುತ್ತಾರೆ.

ಕಾಲಿಗೂ ಒಂದು ಎಚ್ಚರಿಕೆ. ಹಕ್ಕಿಯ ಮಂಡಿ ಹಿಂದಕ್ಕೆ ಮಡಚುತ್ತದೆ ಅನ್ನುವುದು ತಪ್ಪು. ಹಿಂದಕ್ಕೆ ಕಾಣುವ ಕೀಲು ಹಿಮ್ಮಡಿಯದು. ಮಂಡಿ ಮೇಲೆ, ಗರಿಯೊಳಗೆ ಅಡಗಿರುತ್ತದೆ. ನಿಮ್ಮ ಪಾತ್ರಕ್ಕೆ ಹಕ್ಕಿ ಕಾಲು ಬೇಕಿದ್ದರೆ ತೊಡೆ ಗಿಡ್ಡ ಮಾಡಿ, ಪಾದವನ್ನು ಉದ್ದ ಮಾಡಿ, ಹಿಮ್ಮಡಿ ಎತ್ತಿ.

ಹಂತ 7: ಕೂಡಿಸುವ ಜಾಗ

ಇಲ್ಲಿ ಅವಸರ ಬೇಡ. ಮೂರು ಕಡೆ ಕೂಡಿಕೆ ಇದೆ.

ಕತ್ತು: ಮನುಷ್ಯರ ಕತ್ತಿನಲ್ಲಿ 7 ಮೂಳೆ, ಹಕ್ಕಿಗಳಲ್ಲಿ ಸಾಮಾನ್ಯವಾಗಿ 13 ಅಥವಾ ಇನ್ನೂ ಜಾಸ್ತಿ. ಆದ್ದರಿಂದಲೇ ಅವು ಕತ್ತನ್ನು ಅಷ್ಟು ತಿರುಗಿಸುತ್ತವೆ. ಎರಡು ಕತ್ತು ಭುಜದ ಮಟ್ಟದಲ್ಲೇ ಕವಲೊಡೆಯಬೇಕಾ, ಮೇಲೆ ಹೋಗಿ ಕವಲೊಡೆಯಬೇಕಾ? ಭುಜದಲ್ಲಿ ಕವಲೊಡೆದರೆ ತಲೆಗಳು ಬೇರೆ ಬೇರೆ ಕೆಲಸ ಮಾಡಬಹುದು, ಆದರೆ ಭುಜ ಅಗಲವಾಗಬೇಕು. ಕನ್ನಡಿಯಲ್ಲಿ ತಲೆ ಪಕ್ಕಕ್ಕೆ ತಿರುಗಿಸಿ. ಕಿವಿಯ ಹಿಂದಿನಿಂದ ಕತ್ತಿನ ಗುಳಿಗೆ ಇಳಿಯುವ ಹುರಿಯಂಥ ಸ್ನಾಯು ಕಾಣುತ್ತದೆ. ಎರಡು ಕತ್ತಿಗೆ ಇಂಥವು ನಾಲ್ಕು. ಒಳಗಿನ ಎರಡು ಎಲ್ಲಿ ಇಳಿಯುತ್ತವೆ? ನಾನಾದರೆ ಗುಳಿಯನ್ನು ಅಗಲ ಮಾಡಿ ಎರಡನ್ನೂ ಅಲ್ಲೇ ಇಳಿಸುತ್ತೇನೆ.

ಎರಡು ತಲೆಯ ಹಾವು, ಆಮೆಗಳು ಅಪರೂಪಕ್ಕೆ ನಿಜಕ್ಕೂ ಹುಟ್ಟುತ್ತವೆ. ಅವುಗಳ ವಿಡಿಯೋ ನೋಡಿ. ಒಂದು ತಲೆ ಆ ಕಡೆ, ಇನ್ನೊಂದು ಈ ಕಡೆ ಎಳೆಯುತ್ತದೆ, ಮೈ ನಡುವೆ ಸಿಕ್ಕಿ ತಡವರಿಸುತ್ತದೆ. ಪಾತ್ರದ ನಡಿಗೆಗೆ ಇದು ಬಂಗಾರದಂಥ ರೆಫರೆನ್ಸ್.

ರೆಕ್ಕೆ: ತೋಳೂ ರೆಕ್ಕೆಯೂ ಬೇಕು ಅಂದರೆ ಆರು ಅವಯವ. ಬೆನ್ನುಮೂಳೆ ಇರುವ ಯಾವ ಪ್ರಾಣಿಗೂ ಆರು ಇಲ್ಲ. ಹಾಗಾಗಿ ಎರಡನೇ ಜೊತೆ ಭುಜವನ್ನು ನೀವೇ ಹುಟ್ಟಿಸಬೇಕು. ಮನುಷ್ಯರ ಹೆಗಲೆಲುಬಿನ ಕೆಳಗೆ ಇಡಿ. ಅಲ್ಲಿಂದ ಪಕ್ಕೆಲುಬನ್ನು ಸುತ್ತಿ ಮುಂದಿನ ಎದೆ ಮೂಳೆಗೆ ಒಂದು ಆಧಾರದ ಮೂಳೆ ಬರಬೇಕು. ಅದಕ್ಕೆ ಜಾಗ ಆಗಲು ಎದೆಗೂಡನ್ನು ಅರ್ಧ ತಾಳ ಉದ್ದ ಮಾಡಿ.

ಗಾತ್ರಕ್ಕೆ ಒಂದು ಅಂದಾಜು: ಇವತ್ತು ಹಾರುವ ಹಕ್ಕಿಗಳಲ್ಲಿ ಅತಿ ಭಾರದವೂ 20 ಕಿಲೋ ಆಸುಪಾಸಿನಲ್ಲಿ ನಿಲ್ಲುತ್ತವೆ. ಅಳಿದುಹೋದ ಅರ್ಜೆಂಟಾವಿಸ್ ಅನ್ನುವ ದೈತ್ಯ ಹಕ್ಕಿ ಸುಮಾರು 70 ಕಿಲೋ ಇತ್ತು, ರೆಕ್ಕೆಯ ಹರವು 6ರಿಂದ 7 ಮೀಟರ್ ಅಂತ ಅಂದಾಜು. ಬರೀ ತೇಲುವುದಕ್ಕೂ ನಮ್ಮ ಕಾವಲುಗಾರ್ತಿಗೆ ಅಷ್ಟು ಹರವು ಕೊಡಿ. ಆಗ ಇನ್ನೊಂದು ಪ್ರಶ್ನೆ ಬರುತ್ತದೆ. ಮಡಚಿದಾಗ ಗರಿ ನೆಲಕ್ಕೆ ತಾಗುತ್ತದೆ, ಕೋಟೆಯ ಬಾಗಿಲಲ್ಲಿ ಹೇಗೆ ನುಗ್ಗುತ್ತಾಳೆ? ಉತ್ತರ ನಿಮ್ಮದು. ಕಥೆಯೂ ಅಲ್ಲಿಂದಲೇ ಹುಟ್ಟುತ್ತದೆ.

ಬಟ್ಟೆ: ತಲೆಯ ಮೇಲಿಂದ ಹಾಕಿಕೊಳ್ಳುವ ಯಾವ ಅಂಗಿಯೂ ಇವಳಿಗೆ ಆಗುವುದಿಲ್ಲ. ಸುತ್ತಿಕೊಳ್ಳುವುದು, ಪಕ್ಕದಲ್ಲಿ ದಾರ ಕಟ್ಟುವುದು ಮಾತ್ರ ಸಾಧ್ಯ. ಬೆನ್ನು ರೆಕ್ಕೆಗೆ ತೆರೆದಿರಬೇಕು. ಸೀರೆಯ ಸೆರಗನ್ನು ಎರಡು ಕತ್ತಿನ ನಡುವೆ ಹಾಯಿಸಿದರೆ? ಬಿಡಿಸಿ ನೋಡಿ.

ಹಂತ 8: ಕಪ್ಪು ಆಕಾರದಿಂದ ಟರ್ನ್‌ಅರೌಂಡ್‌ವರೆಗೆ

ಈಗ ಬಿಡಿಸಲು ಕೂರಿ. ಮೊದಲು ಬರೀ ಕಪ್ಪು ತುಂಬಿದ ಆಕಾರ, ಹೆಬ್ಬೆರಳಿನಷ್ಟು ಚಿಕ್ಕದು, ಹತ್ತಾರು. ಒಳಗೆ ಕಣ್ಣು, ಬಟ್ಟೆ ಏನೂ ಬೇಡ. ಸ್ನೇಹಿತರೊಬ್ಬರಿಗೆ ತೋರಿಸಿ, "ಇದು ಏನು ಮಾಡ್ತಿದೆ?" ಅಂತ ಕೇಳಿ. "ಏನೋ ಕಾಯ್ತಿದೆ" ಅಂದರೆ ಇಟ್ಟುಕೊಳ್ಳಿ. "ಮರಾನಾ?" ಅಂದರೆ ಬಿಡಿ. ವಿವರಿಸಲು ಹೋಗಬೇಡಿ, ನೋಡುಗರ ಪಕ್ಕದಲ್ಲಿ ನೀವು ಯಾವಾಗಲೂ ಇರುವುದಿಲ್ಲ.

ಆಯ್ದ ಒಂದರ ಮೇಲೆ ಕೆಂಪು ಬಣ್ಣದಲ್ಲಿ ಅಸ್ಥಿಪಂಜರ ಬಿಡಿಸಿ. ಆಕಾರದ ಹೊರಗೆ ಮೂಳೆ ಹೋದರೆ ಆಕಾರವನ್ನು ತಿದ್ದಿ, ಮೂಳೆಯನ್ನು ಗಿಡ್ಡ ಮಾಡಬೇಡಿ. ಆಮೇಲೆ ಟರ್ನ್‌ಅರೌಂಡ್, ಅಂದರೆ ಅದೇ ಪಾತ್ರವನ್ನು ಎದುರು, ಪಕ್ಕ, ಹಿಂದೆ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲಿಸುವುದು. ಕತ್ತಿನ ಬುಡ, ಹೊಕ್ಕುಳು, ಮಂಡಿ ಮೂರೂ ಚಿತ್ರದಲ್ಲಿ ಒಂದೇ ಅಡ್ಡಗೆರೆಗೆ ಬರಬೇಕು. ಎದುರಿನಿಂದ ಎಲ್ಲವೂ ಸರಿ ಕಾಣುತ್ತದೆ, ಪಕ್ಕದ ನೋಟದಲ್ಲಿ ಗುಟ್ಟು ರಟ್ಟಾಗುತ್ತದೆ. ಅದನ್ನೇ ಮೊದಲು ಬಿಡಿಸಿ.

ಮುಖಭಾವಕ್ಕೆ ಇನ್ನೊಂದು ಹಾಳೆ. ಹದ್ದಿಗೆ ತುಟಿ ಇಲ್ಲ, ಕಣ್ಣುಗುಡ್ಡೆಯೂ ಹೆಚ್ಚು ಹೊರಳುವುದಿಲ್ಲ. ಕಣ್ಣಿನ ಮೇಲಿನ ಮೂಳೆಯ ಏಣಿನಿಂದಾಗಿ ಯಾವಾಗಲೂ ಸಿಟ್ಟಾದಂತೆ ಕಾಣುತ್ತದೆ. ಹಾಗಾಗಿ ಭಾವವನ್ನು ಕತ್ತಿನ ಬಾಗು, ಹೆಡತಲೆಯ ಗರಿ ನಿಮಿರುವುದು, ತಲೆಯ ಓರೆ, ಇವುಗಳಲ್ಲಿ ಹುಡುಕಬೇಕು. ಉಳಿದದ್ದನ್ನು ಕೈ ಹೇಳಲಿ.

ಕೊನೆಗೆ ಹಕ್ಕುಗಳ ವಿಷಯ. ಫೋಟೋ ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲ, ಮೇಲಿಟ್ಟು ಗೆರೆ ಎಳೆದು ಅದನ್ನೇ ಮಾರುವುದು ಬೇರೆ ಮಾತು. ವಿಕಿಮೀಡಿಯ ಕಾಮನ್ಸ್‌ನ ಚಿತ್ರಗಳ ಕೆಳಗೆ ಪರವಾನಗಿ ಬರೆದಿರುತ್ತದೆ. ಸಿಸಿ ಬೈ ಅಂದರೆ ಹೆಸರು ಹಾಕಿ ಬಳಸಿ. ಸ್ಕೆಚ್‌ಫ್ಯಾಬ್‌ನಂಥ ಕಡೆ ಎನ್‌ಸಿ ಅಂತ ಕಂಡರೆ ವ್ಯಾಪಾರಕ್ಕೆ ಬೇಡ, ಎನ್‌ಡಿ ಅಂದರೆ ಬದಲಾಯಿಸಿ ಹಂಚುವಂತಿಲ್ಲ. ಪ್ಯೂರ್‌ರೆಫ್ ಹಲಗೆಗೆ ಚಿತ್ರ ಹಾಕುವಾಗಲೇ ಪಕ್ಕದಲ್ಲಿ ಲಿಂಕ್ ಮತ್ತು ಫೋಟೋ ತೆಗೆದವರ ಹೆಸರು ಬರೆದಿಡಿ. ಆರು ತಿಂಗಳ ಮೇಲೆ ಯಾರಾದರೂ ಕೇಳಿದರೆ ಹುಡುಕಲು ಆಗುವುದಿಲ್ಲ.